ಕಲ್ಯಾಣದ ಶಾಸ್ತ್ರ, ಕಲ್ಯಾಣದ ವಚನ, ಗಡಿನಾಡಿನ ಹೆಣ್ಣುಮಗಳು

ಹೆಣ್ಣು ಗಂಡುಗಳ ಭೇದವನ್ನು ಸೃಷ್ಟಿಯೇ ಮಾಡಿದೆ. ಆದರೆ ಹೆಣ್ಣಾದವಳು ಹೀಗೆ ನಡೆಯಬೇಕು, ಹೀಗೆ ನುಡಿಯಬೇಕು, ಇಷ್ಟನ್ನು ಬಯಸಬೇಕು, ಇಷ್ಟನ್ನು ಬಿಡಬೇಕು ಎಂಬ ಕಟ್ಟಳೆಯನ್ನು ಮಾಡಿದ್ದು ಮನುಷ್ಯ ಸಮಾಜ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡತಿ ನಮ್ಮ ಕಡೆಯಲ್ಲಿ ಇರಲಾರಳು. ಗಾದೆ ವೇದಕ್ಕೆ ಸಮಾನವೆಂದು ಹೇಳುತ್ತೇವೆ. ಆದರೆ ಈ ಗಾದೆಯ ಹಿಂದೆ ಇರುವುದು ವೇದವಲ್ಲ, ಹೊಲಮನೆಗಳ ಲೆಕ್ಕ. ಒಂದು ಕಾಲದ ಲೆಕ್ಕವು ಮುಂದಿನ ಕಾಲಕ್ಕೆ ಧರ್ಮವಾಗಿ, ಅದರ ಮುಂದಿನ ಕಾಲಕ್ಕೆ ಹೆಣ್ಣಿನ ಸ್ವಭಾವವೇ ಆಗಿಬಿಡುವ ಬಗೆಯನ್ನು ತಿಳಿಯಬೇಕಾದರೆ ಇತಿಹಾಸವನ್ನು ನೋಡಬೇಕು. ಅದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಜಹೀರಾಬಾದಿನಿಂದ ಹುಮನಾಬಾದಿನ ಹೆದ್ದಾರಿಯನ್ನು ಹಿಡಿದು ಮುಂದೆ ಹೊರಟರೆ ದೊರೆಯುವ ಬಸವಕಲ್ಯಾಣವೊಂದೇ ಸಾಕು. ಭರತಖಂಡದ ಬಹುಭಾಗಕ್ಕೆ ಹೆಣ್ಣಿನ ಪಾಲನ್ನು ಗೊತ್ತುಮಾಡಿದ ಶಾಸ್ತ್ರವು ಹುಟ್ಟಿದ್ದು ಅಲ್ಲಿ. ಆ ಬಗೆಯ ಕಟ್ಟಳೆಗಳನ್ನೆಲ್ಲ ಪ್ರಶ್ನಿಸಿದ ವಚನವು ಬೆಳೆದದ್ದೂ ಅಲ್ಲಿಯೇ. ಎರಡಕ್ಕೂ ನಡುವೆ ನೂರು ವರ್ಷದ ಅಂತರವೂ ಇಲ್ಲ.

ನಮ್ಮ ನಾಡಿನ ಎಲ್ಲೆ

ಕಲ್ಯಾಣದ ಕಥೆ ನಮ್ಮದು ಹೇಗಾದೀತು ಎಂದು ಕಿರಿಯರು ಕೇಳಬಹುದು. ೧೯೫೬ನೆಯ ಇಸವಿ ನವೆಂಬರ್ ೧ರ ವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸಂದವು. ೨೦೧೪ರ ಜೂನ್ ೨ರಿಂದ ತೆಲಂಗಾಣದಲ್ಲಿವೆ. ೨೦೧೬ರಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮೊದಲಿನೆರಡು ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದವು. ಸರಕಾರಗಳು ಎಳೆದ ಗೆರೆಯನ್ನು ನದಿಗಳು ಅರಿಯವು. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣೆಯೇ ಮುಂದೆ ಮಳಖೇಡವನ್ನು ಮುಟ್ಟುತ್ತದೆ. ಅದು ನೃಪತುಂಗನ ಮಾನ್ಯಖೇಟ, 'ಕವಿರಾಜಮಾರ್ಗ' ಹುಟ್ಟಿದ ಸ್ಥಳ. ಬೀದರದ ಸೀಮೆಯನ್ನು ಸುತ್ತಿದ ಮಾಂಜರಾ ನದಿಯೇ ನಾರಾಯಣಖೇಡದ ಸೀಮೆಗೂ ನೀರುಣಿಸುತ್ತದೆ. ಆದುದರಿಂದ ರಾಷ್ಟ್ರಕೂಟರ ಮತ್ತು ಚಾಲುಕ್ಯರ ಕಾಲದ ಹೆಣ್ಣುಮಕ್ಕಳ ಕಥೆಯು ನಮ್ಮ ಅಜ್ಜಿಯರ ಅಜ್ಜಿಯರ ಕಥೆಯೇ ಸರಿ.

ಕಾವ್ಯ ಶಾಸನಗಳು ತೋರುವ ಚಿತ್ರ

ಮೊದಲು ಇಬ್ಬರು ಅಕ್ಕತಂಗಿಯರನ್ನು ನೆನೆಯೋಣ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾಲುಕ್ಯ ತೈಲಪನ ಸೇನೆಯಲ್ಲಿದ್ದ ನಾಗದೇವನೆಂಬ ವೀರನಿಗೆ ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಸೋದರಿಯರಿಬ್ಬರೂ ಮಡದಿಯರು. ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗನನ್ನು ಸಾಕುವುದಕ್ಕಾಗಿ ಉಳಿದಳು. ಉಳಿದವಳು ಮಾಡಿದ ಕಾರ್ಯವೇನು? ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ರನ್ನನಿಗೆ ಆಶ್ರಯವಿತ್ತು ೯೯೩ರಲ್ಲಿ 'ಅಜಿತಪುರಾಣ'ವನ್ನು ಬರೆಯಿಸಿದಳು. ದಾನಚಿಂತಾಮಣಿ ಎಂದು ಹೆಸರಾದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಸಾವಿರ ಪ್ರತಿಗಳೆಂದರೆ ಎಷ್ಟು ಜನ ಲಿಪಿಕಾರರ ಎಷ್ಟು ದಿನಗಳ ದುಡಿಮೆ ಎಂಬುದನ್ನು ವಾಚಕರೇ ಊಹಿಸಬಹುದು. ಒಂದೇ ಮನೆ, ಒಬ್ಬನೇ ಗಂಡ, ಒಂದೇ ದುಃಖ. ಆದರೂ ದಾರಿಗಳು ಎರಡು. ಸಮಾಜವು ಹಾಕಿಕೊಟ್ಟ ಒಂದು ದಾರಿ ಚಿತೆಯಲ್ಲಿ ಮುಗಿಯಿತು. ತಾಯ್ತನವೆಂಬ, ಸಮಾಜವು ಒಪ್ಪುವ ಮತ್ತೊಂದು ಕಾರಣವಿದ್ದುದರಿಂದ ಇನ್ನೊಬ್ಬಳ ಬಾಳು ಉಳಿಯಿತು; ಕನ್ನಡ ಸಾಹಿತ್ಯಕ್ಕೆ ಅದರಿಂದಾದ ಲಾಭವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಗುಂಡಮಬ್ಬೆ ಉಳಿದಿದ್ದರೆ ಏನು ಮಾಡುತ್ತಿದ್ದಳೋ ಎಂಬ ಪ್ರಶ್ನೆಯನ್ನು ಯಾವ ಕವಿಯೂ ಕೇಳಲಿಲ್ಲ.

ಇನ್ನು ಅರಮನೆಯ ಸ್ತ್ರೀಯರು. ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಮೊದಲಾದ ಪ್ರಾಂತಗಳನ್ನು ಆಳಿದಳು. ೧೦೪೭ರ ಸುಮಾರಿಗೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ರಣದಲ್ಲಿ ಭೈರವಿಗೆ ಸಮಾನಳೆಂದು ಶಾಸನವು ಅವಳನ್ನು ಹೊಗಳಿದೆ. ಆರನೆಯ ವಿಕ್ರಮಾದಿತ್ಯನ ರಾಣಿಯರಲ್ಲಿ ಲಕ್ಷ್ಮಾದೇವಿ ಮುಂತಾದವರ ಕೈಯಲ್ಲಿಯೂ ಅಧಿಕಾರವಿದ್ದುದನ್ನು ಶಾಸನಗಳು ಹೇಳುತ್ತವೆ. ಇದನ್ನು ಕಂಡು ಅಂದಿನ ಹೆಣ್ಣುಮಕ್ಕಳೆಲ್ಲ ಸ್ವತಂತ್ರರಾಗಿದ್ದರೆಂದು ಹಿಗ್ಗಿದರೆ ತಪ್ಪಾಗುವುದು. ರಾಣಿ ಆಳಿದ್ದು ರಾಜನ ಮಗಳೋ ಮಡದಿಯೋ ಸೋದರಿಯೋ ಆದುದರಿಂದ. ಕಲ್ಯಾಣದ ಕೊಟ್ಟಣದಲ್ಲಿ ಭತ್ತ ಕುಟ್ಟುತ್ತಿದ್ದವಳಿಗೆ ಆ ಶಾಸನದಲ್ಲಿ ಸ್ಥಾನವಿಲ್ಲ. ಆದರೂ ಒಂದು ಮಾತಂತೂ ಸಿದ್ಧವಾಯಿತು: ಯುದ್ಧ, ಆಡಳಿತ, ವಿದ್ಯಾಪೋಷಣೆ ಇವು ಹೆಣ್ಣಿನ ಸ್ವಭಾವಕ್ಕೆ ಹೊರತಾದವು ಎಂಬ ವಾದವು ಕಲ್ಲಿನ ಮೇಲೆ ಕೊರೆದ ಸಾಕ್ಷ್ಯದ ಮುಂದೆ ನಿಲ್ಲಲಾರದು. ಅವಕಾಶವಿದ್ದಲ್ಲಿ ಹೆಣ್ಣು ಆಳಿದ್ದಾಳೆ. ಇಲ್ಲದಲ್ಲಿ ಆಳಲಿಲ್ಲ.

ವಿಜ್ಞಾನೇಶ್ವರನ ಶಾಸ್ತ್ರ

ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಆಳಿದನು. ಅವನ ಕಲ್ಯಾಣದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಕಲ್ಯಾಣದಂತಹ ನಗರವಿಲ್ಲ, ವಿಕ್ರಮನಂತಹ ಅರಸನಿಲ್ಲ ಎಂದು ಗ್ರಂಥದ ಕೊನೆಯಲ್ಲಿ ಅಭಿಮಾನದಿಂದ ಸಾರಿಕೊಂಡಿರುವನು. ಬಂಗಾಳದ ಕಡೆಯಲ್ಲಿ ಜೀಮೂತವಾಹನನ 'ದಾಯಭಾಗ' ನಡೆಯಿತು. ಉಳಿದ ಬಹುಭಾಗದಲ್ಲಿ ಹಿಂದೂ ಮನೆತನಗಳ ಆಸ್ತಿಯ ಹಂಚಿಕೆ ನಡೆದದ್ದು ಕಲ್ಯಾಣದ ಈ ಗ್ರಂಥದಂತೆ.

ಮಿತಾಕ್ಷರೆಯ ಮುಖ್ಯ ತತ್ತ್ವವೆಂದರೆ ಹುಟ್ಟಿನಿಂದಲೇ ಬರುವ ಹಕ್ಕು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಕೂಡಲೆ ಪಾಲುಂಟು. ಮೊಮ್ಮಗನಿಗೂ ಮರಿಮಗನಿಗೂ ಉಂಟು. ಮಗಳಿಗೆ ಆ ಹಕ್ಕಿಲ್ಲ. ನಮ್ಮ ಸಮಾಜವು ಗಂಡುಮಗುವಿಗಾಗಿ ಹರಕೆ ಹೊತ್ತು ಹೆಣ್ಣುಮಗುವಿಗೆ ನಿಟ್ಟುಸಿರು ಬಿಟ್ಟದ್ದಕ್ಕೆ ಕಾರಣಗಳು ಹಲವಿದ್ದರೂ ಇದೊಂದು ದೊಡ್ಡ ಕಾರಣ. ಮಗನೆಂದರೆ ಮನೆಯ ಪಾಲುದಾರ; ಮಗಳೆಂದರೆ ಇನ್ನೊಬ್ಬರ ಮನೆಗೆ ಹೋಗತಕ್ಕವಳು. ಹೀಗೆ ತೊಟ್ಟಿಲಲ್ಲಿಯೇ ಒಬ್ಬನು ಯಜಮಾನನೂ ಇನ್ನೊಬ್ಬಳು ಅತಿಥಿಯೂ ಆದರು.

ಆದರೆ ವಿಜ್ಞಾನೇಶ್ವರನಿಗೆ ನ್ಯಾಯವನ್ನು ಸಲ್ಲಿಸಬೇಕು. ಆತನು ತನ್ನ ಕಾಲಕ್ಕೆ ಉದಾರಿ. ತಂದೆಯ ಕಾಲಾನಂತರ ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ಸೋದರಿಗೆ ಕೊಡುವ ಕಾಲುಭಾಗವು ಕೇವಲ ಮದುವೆಯ ಖರ್ಚಲ್ಲ, ಅದು ನಿಜವಾದ ಪಾಲು ಎಂದು ವಾದಿಸಿದನು. ಬೇರೆಯಾದ ಮನೆತನದ ಗಂಡುಸಂತಾನವಿಲ್ಲದ ಪುರುಷನು ಸತ್ತರೆ ಅವನ ಹೆಂಡತಿಯೇ ಮೊದಲ ವಾರಸುದಾರಳೆಂದು ನಿರ್ಣಯಿಸಿದನು. ಸ್ತ್ರೀಧನವೆಂಬ ಮಾತಿನ ಅರ್ಥವನ್ನೂ ಹಿಗ್ಗಿಸಿದನು. ತವರಿನವರು ಕೊಟ್ಟ ಒಡವೆ ವಸ್ತ್ರಗಳಷ್ಟೇ ಅಲ್ಲ. ವಾರಸಿನಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದನು. ಆ ಧನವು ತಾಯಿಯ ಅನಂತರ ಮಗಳಿಗೇ ಮೊದಲು ಸೇರತಕ್ಕದ್ದು ಎಂದನು. ಇಷ್ಟೆಲ್ಲ ಕೊಟ್ಟರೂ ವಿಧವೆಯ ಹಕ್ಕಿಗೆ ಶೀಲದ ನಿಯಮವನ್ನು ಕಟ್ಟಿದನೆಂಬುದನ್ನು ಮರೆಯಬಾರದು. ಮಗನ ಹಕ್ಕಿಗೆ ಹುಟ್ಟು ಸಾಕು. ಹೆಂಡತಿಯ ಹಕ್ಕಿಗೆ ಸಮಾಜದ ಮೆಚ್ಚುಗೆಯೂ ಬೇಕು. ಈ ಭೇದವು ಪುಸ್ತಕದಿಂದ ಇಳಿದು ನೆರೆಹೊರೆಯವರ ನಾಲಗೆಯ ಮೇಲೆ ಕುಳಿತುಕೊಂಡಿತು.

ಮುಂದಿನ ಕಥೆ ಇನ್ನೂ ವಿಚಿತ್ರವಾದುದು. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಮಿತಾಕ್ಷರೆಯ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ಆಂಗ್ಲ ನ್ಯಾಯಾಧೀಶರು ಅದನ್ನು ಹಿಡಿದು ತೀರ್ಪು ಕೊಡತೊಡಗಿದರು. ಗಂಡನಿಂದ ವಿಧವೆಗೆ ಬಂದ ಆಸ್ತಿಯು ಸ್ತ್ರೀಧನವಲ್ಲವೆಂದು ೧೮೬೭ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. ಅವಳು ಬದುಕಿರುವ ತನಕ ಉಣ್ಣಬಹುದು. ತಕ್ಕ ಅಗತ್ಯವಿಲ್ಲದೆ ಮಾರಲಾಗದು. ಅವಳ ತರುವಾಯ ಆಸ್ತಿಯು ಗಂಡನ ವಾರಸುದಾರರಿಗೆ ಹಿಂದಿರುಗಬೇಕು. ಕಲ್ಯಾಣದ ಪಂಡಿತನು ಹನ್ನೊಂದು ಹನ್ನೆರಡನೆಯ ಶತಮಾನಗಳ ಸಂಧಿಯಲ್ಲಿ ತೆರೆದಿದ್ದ ಬಾಗಿಲನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ನು ಮುಚ್ಚಿತು. ಕಾಲ ಕಳೆದಂತೆಲ್ಲ ಹೆಣ್ಣಿನ ಸ್ಥಿತಿ ತಾನಾಗಿ ಮೇಲೇರುತ್ತದೆಂದು ನಂಬಿ ಕುಳಿತವರಿಗೆ ಇದೊಂದು ಎಚ್ಚರಿಕೆ.

ಶರಣೆಯರ ಉತ್ತರ

ವಿಕ್ರಮಾದಿತ್ಯನು ಗತಿಸಿ ಕೆಲವು ದಶಕಗಳಾಗುವಷ್ಟರಲ್ಲಿ, ಬಿಜ್ಜಳನ ಕಾಲದಲ್ಲಿ, ಅದೇ ಕಲ್ಯಾಣಕ್ಕೆ ಬಸವಣ್ಣನವರ ಸುತ್ತ ಶರಣರು ನೆರೆದರು. ಅವರಲ್ಲಿ ವಚನ ರಚಿಸಿದ ಸ್ತ್ರೀಯರೇ ಮೂವತ್ತಕ್ಕೂ ಹೆಚ್ಚು ಮಂದಿ. ಬಸವಣ್ಣನವರ ಸೋದರಿ ಅಕ್ಕನಾಗಮ್ಮ, ಮಡದಿಯರಾದ ಗಂಗಾಂಬಿಕೆ ನೀಲಾಂಬಿಕೆಯರು ಒಂದು ಕಡೆ. ನೂಲುವ ಕಾಯಕದ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಸೂಳೆವೃತ್ತಿಯಿಂದ ಬಂದ ಸಂಕವ್ವೆ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಇನ್ನೊಂದು ಕಡೆ. ರಾಣಿಯರ ಶಾಸನದಲ್ಲಿ ಸ್ಥಾನ ಸಿಕ್ಕದ ಕೊಟ್ಟಣದವಳು ಇಲ್ಲಿ ತಾನೇ ಮಾತಾಡಿದಳು. ಕನ್ನಡ ಸಾಹಿತ್ಯಕ್ಕೆ ಇದು ಹೊಸತು.

ಶರಣರು ಹೆಣ್ಣಿನ ಸ್ಥಾನವನ್ನು ಬದಲಿಸಿದ್ದು ಎರಡು ಬಗೆಯಲ್ಲಿ. ಮೊದಲನೆಯದು ಆಚಾರದಲ್ಲಿ. ಇಷ್ಟಲಿಂಗ ದೀಕ್ಷೆಯು ಗಂಡಿಗೆಂತೋ ಹೆಣ್ಣಿಗೂ ಅಂತೆಯೇ ಆಯಿತು. ಪಂಚಸೂತಕಗಳನ್ನು ಅವರು ಒಪ್ಪಲಿಲ್ಲ. ಅವುಗಳಲ್ಲಿ ರಜಸ್ಸೂತಕವೂ ಜನನಸೂತಕವೂ ಸೇರಿವೆ. ತಿಂಗಳಿಗೆ ಮೂರು ದಿನ ಹೆಣ್ಣನ್ನು ಮನೆಯ ಮೂಲೆಗೆ ಕೂಡಿಸಿ, ನೀನು ಅಶುದ್ಧಳು ಎಂದು ಅವಳಿಂದಲೇ ನಂಬಿಸುವ ಪದ್ಧತಿಯ ಬೇರಿಗೆ ಬಿದ್ದ ಪೆಟ್ಟು ಅದು. ಎರಡನೆಯದು ವಿಚಾರದಲ್ಲಿ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನು ಬಸವಣ್ಣನವರಿಗಿಂತ ಮೊದಲೇ ಒಂದು ಮಾತನ್ನು ಹೇಳಿದ್ದನು. ಲೋಕವು ಮೈಯ ಗುರುತುಗಳನ್ನು ನೋಡಿ ಒಬ್ಬರನ್ನು ಹೆಣ್ಣೆಂದೂ ಒಬ್ಬರನ್ನು ಗಂಡೆಂದೂ ಕರೆಯುತ್ತದೆ, ಒಳಗಿರುವ ಆತ್ಮಕ್ಕೆ ಆ ಭೇದ ತಟ್ಟದು ಎಂಬುದು ಅದರ ಸಾರ. ಗೊಗ್ಗವ್ವೆಯೂ ಈ ವಿಚಾರವನ್ನು ತನ್ನ ವಚನದಲ್ಲಿ ಎತ್ತಿಕೊಂಡಿದ್ದಾಳೆ. ಮೈಯ ಗುರುತು ಬೇರೆ, ಅದರ ಮೇಲೆ ಲೋಕ ಹೊರಿಸಿದ ಹೆಸರು ಬೇರೆ ಎಂಬ ವಿವೇಕವನ್ನು ಇಂದಿನ ಪಂಡಿತರು ದೊಡ್ಡ ಗ್ರಂಥಗಳಲ್ಲಿ ವಿವರಿಸುತ್ತಾರೆ. ನಮ್ಮ ನಾಡಿನ ನೇಕಾರನು ಅದನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ್ದನು.

ಅಕ್ಕಮಹಾದೇವಿಯ ಕಥೆ ಎಲ್ಲರಿಗೂ ತಿಳಿದುದೇ. ಉಡುತಡಿಯ ಈ ಕನ್ಯೆ ಕೌಶಿಕನೆಂಬ ಅರಸನನ್ನು ತೊರೆದು, ಉಟ್ಟುದನ್ನೂ ತೊರೆದು ಕಲ್ಯಾಣಕ್ಕೆ ಬಂದಳು. 'ಶೂನ್ಯಸಂಪಾದನೆ'ಯ ಪ್ರಕಾರ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿ ಪರೀಕ್ಷಿಸಿದರು. ನಿನ್ನ ಪತಿ ಯಾರು ಎಂಬುದು ಅಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದು. ಒಂಟಿಯಾಗಿ ಬಂದ ಯಾವ ಶರಣನಿಗೂ ಹೆಂಡತಿಯ ಗುರುತನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಸಮಾಜವು ಹೆಣ್ಣಿಗೆ ಕೇಳುವ ಮೊದಲ ಪ್ರಶ್ನೆಯನ್ನೇ ಆ ಮಹಾಸಭೆಯೂ ಕೇಳಿತು. ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದು ಅವಳು ಉತ್ತರಿಸಿದಳು; ಸಭೆಯ ಹಿರಿಯರು ಪ್ರಾಯದಲ್ಲಿ ಕಿರಿಯಳಾದ ಅವಳನ್ನು ಅಕ್ಕನೆಂದು ಕರೆದು ತಲೆಬಾಗಿದರು. ಪ್ರಶ್ನೆ ಕೇಳಿದ್ದೂ ತಲೆಬಾಗಿದ್ದೂ ಎರಡೂ ನಮ್ಮ ಇತಿಹಾಸವೇ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ವಚನಕಾರ್ತಿಯರ ಅಂಕಿತಗಳಲ್ಲಿ ಕೆಲವು ಗಂಡನ ಹೆಸರನ್ನು ಒಳಗೊಂಡಿವೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ದೇವರನ್ನು ಕರೆಯುವಾಗಲೂ ಗಂಡನನ್ನು ಮುಂದಿಟ್ಟುಕೊಂಡೇ ಕರೆದಳು. ಸಮಾಜವು ಕಲಿಸಿದ್ದು ಅಷ್ಟು ಆಳಕ್ಕಿಳಿದಿತ್ತು. ಆದರೆ ಅದೇ ಲಕ್ಕಮ್ಮ, ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಆಸೆ ನಿಮಗೆ ತಕ್ಕುದಲ್ಲವೆಂದು ತಿಳಿಹೇಳಿ ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳು. ಅಂಕಿತದಲ್ಲಿ ಹಿಂದೆ ನಿಂತವಳು ಧರ್ಮದಲ್ಲಿ ಮುಂದೆ ನಿಂತಳು. ಸಮಾಜದ ಅಚ್ಚು ಮನುಷ್ಯನನ್ನು ರೂಪಿಸುವುದು ನಿಜ, ಪೂರ್ತಿಯಾಗಿ ಹಿಡಿದಿಡಲಾರದೆಂಬುದೂ ನಿಜ. ಇವೆರಡಕ್ಕೂ ಲಕ್ಕಮ್ಮನೇ ನಿದರ್ಶನ.

೧೧೬೭ರ ಸುಮಾರಿನ ಕಲ್ಯಾಣದ ಕ್ರಾಂತಿಯಲ್ಲಿ ಶರಣರು ಚದುರಿದರು; ಅಕ್ಕನಾಗಮ್ಮ ಉಳವಿಯ ಕಡೆಗೆ ಹೊರಟುಹೋದಳು. ವಚನಗಳು ಮಠಮನೆಗಳ ಓಲೆಗರಿಗಳಲ್ಲಿ ಅಡಗಿದವು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದ ಮೇಲೆಯೇ ಈ ಸಾಹಿತ್ಯವು ವ್ಯಾಪಕವಾಗಿ ಜನಸಾಮಾನ್ಯರ ಕೈಸೇರಿತು. ಇದರ ನಡುವಣ ಏಳುನೂರು ವರ್ಷಗಳಲ್ಲಿ ಮನೆಮನೆಯ ವ್ಯವಹಾರವನ್ನು ನಡೆಸಿದ್ದು ಶಾಸ್ತ್ರ. ವಚನವು ಪೂಜೆಯ ಕೋಣೆಯಲ್ಲಿ ಉಳಿಯಿತು. ಪಾಲಿನ ಪತ್ರದಲ್ಲಿ ಮಿತಾಕ್ಷರೆ ಉಳಿಯಿತು.

ಮಗಳನ್ನು ಮಗನನ್ನಾಗಿಸಿದ ಬಗೆ

ಆಸ್ತಿಯ ಕಟ್ಟಳೆಯು ಹೆಣ್ಣುಗಂಡೆಂಬ ಗುರುತನ್ನೇ ತಿರುಚಬಲ್ಲದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ದುಃಖದ ಉದಾಹರಣೆಯುಂಟು. ಬಳ್ಳಾರಿ, ರಾಯಚೂರುಗಳ ಕಡೆಯಲ್ಲಿ ಗಂಡುಸಂತಾನವಿಲ್ಲದ ಕೆಲವು ಮನೆತನಗಳವರು ಒಬ್ಬ ಮಗಳನ್ನು ದೇವರಿಗೆ ಬಿಟ್ಟು ಬಸವಿ ಮಾಡುತ್ತಿದ್ದರು. ಅವಳಿಗೆ ಮದುವೆಯಿಲ್ಲ. ಆದರೆ ಮಗನಂತೆ ತವರಿನಲ್ಲಿಯೇ ಉಳಿಯುವಳು. ಮಗನಂತೆ ತಂದೆಯ ಉತ್ತರಕ್ರಿಯೆ ಮಾಡುವಳು. ಮಗನಂತೆ ಆಸ್ತಿಗೆ ವಾರಸುದಾರಳಾಗುವಳು. ಅವಳ ಮಕ್ಕಳು ಅವಳ ತಂದೆಯ ವಂಶದ ಹೆಸರನ್ನು ಹೊರುವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಾಸೆಟ್ ಎಂಬ ಆಂಗ್ಲ ಅಧಿಕಾರಿಯು ಇದನ್ನು ಕಂಡು, ದೇವರಿಗೆ ಬಿಟ್ಟುದರಿಂದ ಪುರುಷರ ಅಧಿಕಾರವನ್ನು ಪಡೆದ ಸ್ತ್ರೀಯರೆಂದೇ ಅವರನ್ನು ವರ್ಣಿಸಿ ಲೇಖನ ಬರೆದನು.

ಇಲ್ಲಿ ವಾಚಕರು ಒಂದು ನಿಮಿಷ ನಿಂತು ಯೋಚಿಸಬೇಕು. ಮಗಳಾಗಿದ್ದಾಗ ಉತ್ತರಕ್ರಿಯೆಗೆ ಅನರ್ಹಳು, ಒಕ್ಕಲುತನಕ್ಕೆ ಅನರ್ಹಳು. ಒಂದು ದಿನದ ದೇವರ ಕಾರ್ಯವಾದ ಮೇಲೆ ಅದೇ ಹುಡುಗಿ ಅದೇ ಕೈಕಾಲುಗಳಿಂದ ಎಲ್ಲಕ್ಕೂ ಅರ್ಹಳು. ಹಾಗಾದರೆ ಅನರ್ಹತೆ ಇದ್ದದ್ದು ಅವಳಲ್ಲಿಯೋ, ಕಟ್ಟಳೆಯಲ್ಲಿಯೋ? ಮನೆತನದ ಹೊಲ ಉಳಿಯಿತು. ಹುಡುಗಿಯ ಬಾಳು ಊರವರ ಪಾಲಾಯಿತು. ಬಸವಿಯೆಂದೂ ದೇವದಾಸಿಯೆಂದೂ ತೆಲುಗು ಸೀಮೆಯಲ್ಲಿ ಜೋಗಿನಿಯೆಂದೂ ಕರೆಯುವ ಈ ಪದ್ಧತಿಗಳಿಗೆ ಹೆಚ್ಚಾಗಿ ಬಲಿಯಾದವರು ಬಡ ದಲಿತ ಮನೆಗಳ ಮಕ್ಕಳು. ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಆಂಧ್ರಪ್ರದೇಶದಲ್ಲಿ ೧೯೮೮ರಲ್ಲಿಯೂ ಇದನ್ನು ನಿಷೇಧಿಸುವ ಕಾಯಿದೆಗಳು ಆದವು.

ಇದೇ ಎಲ್ಲಮ್ಮನ ಸಂಪ್ರದಾಯದಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರೂ ಜೋಗಪ್ಪಗಳೂ ಇದ್ದಾರೆ. ಜನರು ಅವರಿಗೆ ಕೈಮುಗಿದರು. ಆದರೆ ಮನೆಯೊಳಗೆ ಕರೆಯಲಿಲ್ಲ. ಅಂತಹವರಲ್ಲಿ ಒಬ್ಬರಾದ ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ದಾಸಿಮಯ್ಯನ ಮಾತಿಗೆ ಒಂಬತ್ತುನೂರು ವರ್ಷಗಳ ಮೇಲೆ ದೊರೆತ ಒಂದು ಮನ್ನಣೆಯೆಂದು ಇದನ್ನು ಭಾವಿಸಬಹುದು.

ಎರಡು ರಾಜ್ಯ, ಎರಡು ಕಾಲ

ಕಾನೂನಿನ ಕಥೆಗೆ ಬರೋಣ. ಕನ್ನಡ ಸೀಮೆಯಲ್ಲಿ ಮೊದಲ ಹೆಜ್ಜೆಯನ್ನಿಟ್ಟದ್ದು ಮೈಸೂರು ಸಂಸ್ಥಾನ. ಅಲ್ಲಿ ೧೯೩೩ರ ಕಾಯಿದೆಯು ವಿಭಾಗದ ಕಾಲದಲ್ಲಿ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲನ್ನು ಕೊಟ್ಟಿತು. ಸ್ವಾತಂತ್ರ್ಯಾನಂತರ ೧೯೫೬ರ ಜೂನ್ ೧೭ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿಯೆಂದು ಅದು ಸಾರಿತು; ಪ್ರಿವಿ ಕೌನ್ಸಿಲು ಮುಚ್ಚಿದ್ದ ಬಾಗಿಲು ಮತ್ತೆ ತೆರೆಯಿತು. ಆದರೆ ಮಿತಾಕ್ಷರೆಯ ಹುಟ್ಟುಹಕ್ಕನ್ನು ಗಂಡುಮಕ್ಕಳಿಗಷ್ಟೇ ಉಳಿಸಿತು.

ಇದರ ಫಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ತಂದೆಗೆ ಹನ್ನೆರಡು ಎಕರೆ ಪಿತ್ರಾರ್ಜಿತ ಹೊಲ, ಒಬ್ಬ ಮಗ, ಒಬ್ಬ ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ ಎನ್ನೋಣ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ೧೯೫೬ರ ನಿಯಮದಂತೆ ಮೊದಲು ತಂದೆಗೂ ಮಗನಿಗೂ ಆರಾರು ಎಕರೆಯೆಂದು ಲೆಕ್ಕ ಹಾಕಬೇಕು. ತಂದೆಯ ಆರು ಎಕರೆಯಲ್ಲಿ ಮಗನಿಗೆ ಮೂರು, ಮಗಳಿಗೆ ಮೂರು. ಒಟ್ಟಿನಲ್ಲಿ ಮಗನಿಗೆ ಒಂಬತ್ತು, ಮಗಳಿಗೆ ಮೂರು. ಸಮಾನತೆಯ ಹೆಸರಿನ ಕಾಯಿದೆಯ ಒಳಗೆ ಕಲ್ಯಾಣದ ಹಳೆಯ ಸೂತ್ರ ಕುಳಿತಿತ್ತು.

ಅದೇ ವರ್ಷ ನವೆಂಬರಿನಲ್ಲಿ ನಮ್ಮ ತಾಲ್ಲೂಕುಗಳು ಬೀದರ, ಗುಲಬರ್ಗಾಗಳಿಂದ ಅಗಲಿದವೆಂದು ಮೇಲೆ ಹೇಳಿದೆ. ಈ ಅಗಲಿಕೆಯಿಂದ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ನೆನೆಯದಿದ್ದ ಒಂದು ಫಲ ದೊರೆಯಿತು. ಆಂಧ್ರಪ್ರದೇಶ ಸರಕಾರವು ತನ್ನ ತಿದ್ದುಪಡಿಯಿಂದ ೧೯೮೫ರ ಸೆಪ್ಟೆಂಬರ್ ೫ರಿಂದ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ಕರ್ನಾಟಕವು ಅದನ್ನು ಕೊಟ್ಟದ್ದು ೧೯೯೪ರ ಜುಲೈ ೩೦ರಿಂದ. ಆಯಾ ದಿನಾಂಕಕ್ಕೆ ಮೊದಲೇ ಮದುವೆಯಾದವರಿಗೆ ಎರಡು ರಾಜ್ಯಗಳಲ್ಲಿಯೂ ಈ ಹಕ್ಕು ಇರಲಿಲ್ಲ. ಅಂದರೆ ೧೯೯೦ರಲ್ಲಿ ಮದುವೆಯಾದ ಜಹೀರಾಬಾದಿನ ಕನ್ನಡತಿಗೆ ತವರಿನ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕಿತ್ತು. ಅದೇ ವರ್ಷ, ಅದೇ ಮುಹೂರ್ತದಲ್ಲಿ ಮದುವೆಯಾದ ಬೀದರದ ಅವಳ ದೊಡ್ಡಪ್ಪನ ಮಗಳಿಗೆ ಇರಲಿಲ್ಲ. ಭಾಷೆ ಒಂದು, ಕುಲ ಒಂದು, ಆಚಾರ ಒಂದು. ನಡುವೆ ಒಂದು ಗಡಿಗಲ್ಲು. ಹೆಣ್ಣಿನ ಸ್ಥಾನವು ಸೃಷ್ಟಿನಿಯಮವಾಗಿದ್ದರೆ ಗಡಿಗಲ್ಲಿನ ಈಚೆ ಒಂದು ಬಗೆ, ಆಚೆ ಇನ್ನೊಂದು ಬಗೆ ಆಗುತ್ತಿತ್ತೆ?

೨೦೦೫ರ ಸೆಪ್ಟೆಂಬರ್ ೯ರಿಂದ ಕೇಂದ್ರದ ತಿದ್ದುಪಡಿಯು ಈ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿತು. ಮದುವೆಯಾದವಳು, ಆಗದವಳು ಎಂಬ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದುದು ಎಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ೧೧ರಂದು ನಿರ್ಣಯಿಸಿತು. ಮೇಲಿನ ಲೆಕ್ಕದಲ್ಲಿ ಈಗ ತಂದೆ, ಮಗ, ಮಗಳು ಮೂವರಿಗೂ ನಾಲ್ಕು ನಾಲ್ಕು. ತಂದೆಯ ನಾಲ್ಕರಲ್ಲಿ ಎರಡೆರಡು. ಅಣ್ಣನಿಗೆ ಆರು, ತಂಗಿಗೆ ಆರು. ವಿಜ್ಞಾನೇಶ್ವರನ ಹುಟ್ಟುಹಕ್ಕಿನ ತತ್ತ್ವವು ಅಳಿಯಲಿಲ್ಲ. ಮಗಳೂ ಹುಟ್ಟಿದವಳೇ ಎಂಬುದನ್ನು ಸಮಾಜವು ಒಪ್ಪಲು ಒಂಬತ್ತು ಶತಮಾನಗಳು ಹಿಡಿದವು.

ಕಾಯಿದೆಯೇನೋ ಆಯಿತು. ಆಚರಣೆ? ತಂದೆಯ ಕಾಲವಾದ ಮೇಲೆ ಅಕ್ಕತಂಗಿಯರನ್ನು ತಹಶೀಲ ಕಚೇರಿಗೆ ಕರೆತಂದು ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಪಂಚಮಿಗೆ ಕರೆಯಲು ಯಾರೂ ಬಾರರು, ಉಡಿ ತುಂಬುವವರು ಇರಲಾರರು ಎಂಬ ಅಂಜಿಕೆಯೇ ಅವಳ ಕೈ ಹಿಡಿದು ರುಜು ಮಾಡಿಸುತ್ತದೆ. ಪವಿತ್ರ ಕುರಾನು ಮಗಳಿಗೆ ನಿಶ್ಚಿತವಾದ ಪಾಲನ್ನು ವಿಧಿಸಿದ್ದರೂ ನೆರೆಯ ಮುಸಲ್ಮಾನ ಮನೆಗಳಲ್ಲಿಯೂ ಅದನ್ನು ಅಣ್ಣನಿಗೆ ಬಿಟ್ಟುಕೊಡುವ ವಾಡಿಕೆಯುಂಟು. ಶಾಸ್ತ್ರ ಬೇರೆ ಬೇರೆ; ಹೆಣ್ಣಿನಿಂದ ಸಮಾಜವು ನಿರೀಕ್ಷಿಸುವ ತ್ಯಾಗವು ಮಾತ್ರ ಒಂದೇ. ತವರಿನ ಪ್ರೀತಿಗೆ ಬೆಲೆ ಕಟ್ಟಲಾಗದು ಎಂಬುದು ನಿಜ. ಆದರೆ ಆ ಪ್ರೀತಿಯ ಬೆಲೆಯನ್ನು ಪ್ರತಿ ಸಲವೂ ತಂಗಿಯೇ ಏಕೆ ತೆರಬೇಕು? ಮೂರು ಎಕರೆ ಕೇಳಿದೊಡನೆ ಮುರಿಯುವ ಪ್ರೀತಿಗೆ ಪ್ರೀತಿಯೆಂಬ ಹೆಸರು ಸಲ್ಲುವುದೆ?

ಬೀಜ ಕಾಯ್ದವರು

ಈ ನಿರಾಶೆಯ ನಡುವೆ ಆಸೆ ಹುಟ್ಟಿಸುವ ಕಾರ್ಯವೊಂದು ಜಹೀರಾಬಾದಿನ ಸುತ್ತಲೇ ನಡ���ದಿದೆ. ೧೯೮೩ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದರ ಕೇಂದ್ರ ಪಸ್ತಾಪುರ. ಅದನ್ನು ಬಹುಕಾಲ ನಡೆಸಿ ೨೦೨೩ರಲ್ಲಿ ನಿಧನರಾದ ಪಿ. ವಿ. ಸತೀಶರು ಮೈಸೂರಿನ ಕಡೆಯವರು. ಹಳ್ಳಿಹಳ್ಳಿಗಳಲ್ಲಿ ಬಡ ಹೆಣ್ಣುಮಕ್ಕಳು, ಅವರಲ್ಲಿಯೂ ಹೆಚ್ಚಾಗಿ ದಲಿತ ಹೆಣ್ಣುಮಕ್ಕಳು, ಸಂಘಗಳಾಗಿ ಕೂಡಿದರು. ಬೀಳುಬಿದ್ದ ಹೊಲಗಳನ್ನು ಹಸನು ಮಾಡಿ ಜೋಳ, ನವಣೆ, ಸಾಮೆ, ತೊಗರಿ, ಹುರುಳಿ, ಅಗಸೆಗಳನ್ನು ಒಂದೇ ಹೊಲದಲ್ಲಿ ಕೂಡಿ ಬಿತ್ತಿದರು. ಮರೆಯಾಗುತ್ತಿದ್ದ ಬೀಜಗಳನ್ನು ಕೂಡಿಟ್ಟು ಬೀಜದ ಕೋಶಗಳನ್ನು ಕಟ್ಟಿದರು. ೨೦೦೮ರ ಅಕ್ಟೋಬರ್ ೧೫ರಂದು ಮಾಚನೂರಿನಲ್ಲಿ ಅವರ ಸಂಘಂ ರೇಡಿಯೊ ಮಾತಾಡತೊಡಗಿತು. ಅದನ್ನು ನಡೆಸುವವರೂ ಹಳ್ಳಿಯ ದಲಿತ ಹೆಣ್ಣುಮಕ್ಕಳೇ. ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಈ ಸಂಸ್ಥೆಗೆ ಬಂದಿತು.

ಇದರಲ್ಲಿ ನಾವು ಕಲಿಯತಕ್ಕ ಪಾಠವಾವುದು? ಬೀಜವನ್ನು ಬೂದಿ ಬೆರೆಸಿ, ಬೇವಿನ ಸೊಪ್ಪಿಟ್ಟು, ಗಡಿಗೆಯಲ್ಲಿ ಕಾಯುವುದು ಹಿಂದಿನಿಂದಲೂ ಹೆಂಗಸರ ಕೆಲಸ. ಅದು ಮನೆಗೆಲಸ, ಅದಕ್ಕೆ ಕೂಲಿಯಿಲ್ಲ, ಗೌರವವೂ ಇಲ್ಲ ಎಂದು ಸಮಾಜವು ತಿಳಿದಿತ್ತು. ಈ ಹೆಣ್ಣುಮಕ್ಕಳು ಅದೇ ಕೆಲಸವನ್ನು ವಿದ್ಯೆಯೆಂದು ಎತ್ತಿ ತೋರಿಸಿದರು. ಗಂಡಸರು ಬೀಜ ಬೇಡಿ ಅವರ ಮನೆಬಾಗಿಲಿಗೆ ಬರುವಂತಾಯಿತು. ಮೂಲೆಗೆ ತಳ್ಳಿದ ಕೆಲಸವೇ ಅಧಿಕಾರದ ಮೆಟ್ಟಿಲಾಯಿತು. ಕೊಟ್ಟಣದ ಸೋಮವ್ವೆ, ಕದಿರ ರೆಮ್ಮವ್ವೆಯರು ಕಾಯಕವನ್ನು ಕೈಲಾಸವೆಂದು ತಿಳಿದ ಸೀಮೆಯಲ್ಲಿ ಇದು ಆದುದು ಆಶ್ಚರ್ಯವಲ್ಲ.

ನುಡಿಯ ಸಾಕ್ಷ್ಯ

ಕನ್ನಡದ ಉಪಾಧ್ಯಾಯನಾದ ನಾನು ನುಡಿಯ ಬಗ್ಗೆ ಒಂದು ಮಾತನ್ನು ಹೇಳದೆ ಮುಗಿಸಲಾರೆ. ನಮ್ಮ ಗಡಿಯ ಮಕ್ಕಳು ಎರಡು ನುಡಿಗಳಲ್ಲಿ ಬೆಳೆಯುತ್ತಾರೆ. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ಪಶುಪಕ್ಷಿ ವಸ್ತುಗಳಿಗೂ ಕ್ರಿಯಾಪದದ ಪ್ರತ್ಯಯ ಒಂದೇ. ಕನ್ನಡದಲ್ಲಿ 'ಬಂದನು, ಬಂದಳು, ಬಂದಿತು' ಎಂದು ಮೂರು. ಇದರಿಂದ ಕನ್ನಡಿಗರು ಹೆಣ್ಣನ್ನು ಹೆಚ್ಚು ಗೌರವಿಸುವರೆಂದು ಜಂಬಪಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ 'ಹುಡುಗಿ ಬಂತು, ಅದಕ್ಕೇನು ತಿಳೀತದ' ಎಂದು ಹೆಣ್ಣನ್ನು ನಪುಂಸಕದಲ್ಲಿಯೇ ಕರೆಯುವ ರೂಢಿಯಿದೆ. ಆದರೆ ಎರಡು ನುಡಿಗಳಿಗೂ ಸಮಾನವಾದ ಒಂದು ಸೌಂದರ್ಯವುಂಟು. ಬಹುವಚನಕ್ಕೆ ಬಂದರೆ, ಗೌರವಕ್ಕೆ ಬಂದರೆ, ಹೆಣ್ಣುಗಂಡುಗಳ ಭೇದ ಅಳಿಯುತ್ತದೆ: 'ಅವರು ಬಂದರು'. ಗೌರವಿಸುವಾಗ ಭೇದವೆಣಿಸದ ವ್ಯಾಕರಣವನ್ನು ಹಿರಿಯರು ನಮಗೆ ಬಿಟ್ಟುಹೋಗಿದ್ದಾರೆ. ಅದನ್ನು ನಡೆಯಲ್ಲಿ ತರುವುದು ನಮ್ಮ ಹೊಣೆ.

ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿದವರು ಯಾರೆಂದು ಕೇಳಿದರೆ ನಾವು ಸಂಘಗಳ, ಶಾಲೆಗಳ, ಮುಖಂಡರ ಹೆಸರನ್ನು ಹೇಳುತ್ತೇವೆ. ತೊಟ್ಟಿಲು ತೂಗುತ್ತ, ಬೀಸುಕಲ್ಲು ತಿರುವುತ್ತ, ಹಂತಿಯ ಬಳಿ ಕಾಳು ತೂರುತ್ತ ಕನ್ನಡವನ್ನು ಮಕ್ಕಳ ಬಾಯಿಗೆ ಹಾಕಿದ ತಾಯಂದಿರ ಹೆಸರನ್ನು ಹೇಳುವುದಿಲ್ಲ. ನುಡಿಯನ್ನು ಕಾಯುವ ಹೊಣೆಯನ್ನು ಅವರ ಮೇಲೆ ಹಾಕಿದ ನಾವು ಹೊಲದ ಪಾಲನ್ನು ಅವರಿಗೆ ಕೊಡುವುದಕ್ಕೆ ಹಿಂಜರಿಯುವುದು ನ್ಯಾಯವಲ್ಲ. ಎಂಟನೆಯ ತರಗತಿಯ ತರುವಾಯ ಮಗಳನ್ನು ಶಾಲೆ ಬಿಡಿಸುವ ಮೊದಲು ಒಮ್ಮೆ ಅತ್ತಿಮಬ್ಬೆಯನ್ನು ನೆನೆಯಿರಿ. ಹಕ್ಕು ಬಿಟ್ಟ ಪತ್ರವನ್ನು ತಂಗಿಯ ಮುಂದಿಡುವ ಮೊದಲು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನನ್ನು ನೆನೆಯಿರಿ. ತನ್ನದಲ್ಲದುದನ್ನು ಹಿಂದಿರುಗಿಸುವುದೇ ಶರಣಧರ್ಮವಾದರೆ, ತಂಗಿಯ ಪಾಲನ್ನು ತಂಗಿಗೆ ಒಪ್ಪಿಸುವುದು ಆ ಧರ್ಮದ ಮೊದಲ ಪಾಠ.